ಮನೆ ಕಟ್ಟಲು ಪರ್ಮಿಷನ್ ಸಿಕ್ಕಿದೆ. ಸೈಟಿನಲ್ಲಿರುವ ಗೂಡು ಕೆಡಿಸಲೂ ಸಿಕ್ಕಿದೆಯೇ?

ಯುಗಾದಿ ದಾಟಿತೆಂದರೆ ಯಾದಗಿರಿ ಸುತ್ತಮುತ್ತ ಮನೆ ಕಟ್ಟುವ ಕೆಲಸಕ್ಕೆ ವೇಗ ಬರುತ್ತದೆ. ಮಳೆ ಹಿಡಿಯುವುದರೊಳಗೆ ಪಾಯ ಮೇಲೇಳಬೇಕೆಂಬ ಅವಸರ ಎಲ್ಲರಿಗೂ. ಯಾದಗಿರಿ ಹತ್ತಿರದ ಮುದನಾಳದಂಥ ಊರಿನಲ್ಲಿ ನೀವೊಂದು ಪ್ಲಾಟ್ ತೆಗೆದುಕೊಂಡಿದ್ದೀರಿ ಎಂದುಕೊಳ್ಳಿ. ಎನ್‌ಎ ಆಗಿದೆ, ನಕ್ಷೆ ಪಾಸಾಗಿದೆ, ಲೈಸೆನ್ಸ್ ಕೈಗೆ ಬಂದಿದೆ. ಗುರುವಾರ ಭೂಮಿಪೂಜೆ, ಶುಕ್ರವಾರ ಜೆಸಿಬಿ. ಬುಧವಾರ ಸಂಜೆ ಹೋಗಿ ನೋಡಿದರೆ ಪ್ಲಾಟಿನ ನಡುವೆ, ಗರಸು ಮಣ್ಣಿನ ಮೇಲೆ, ನಾಲ್ಕು ಮೊಟ್ಟೆ! ನೀವು ಹತ್ತಿರ ಹೋಗುತ್ತಿದ್ದಂತೆ ಉದ್ದ ಹಳದಿ ಕಾಲಿನ ಹಕ್ಕಿಯೊಂದು ತಲೆಯ ಮೇಲೆ ಸುತ್ತುತ್ತಾ ಕಿರುಚತೊಡಗುತ್ತದೆ.

ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಬರುತ್ತದೆ. ಒಂದು, ‘ಪರ್ಮಿಷನ್ ಇದೆಯಲ್ಲ, ನಿಮ್ಮ ಜಾಗ, ನಿಮ್ಮ ಇಷ್ಟ’. ಎರಡು, ‘ವನ್ಯಜೀವಿ ಕಾನೂನು ಕಾಡಿಗೆ ಮಾತ್ರ, ಊರಿಗಲ್ಲ’. ಮೂರು, ‘ಮೊಟ್ಟೆ ಎತ್ತಿ ಪಕ್ಕದ ಪ್ಲಾಟಿನಲ್ಲಿಡಿ, ಹಕ್ಕಿ ಅಲ್ಲಿಗೇ ಹೋಗುತ್ತದೆ’.

ಮೂರೂ ತಪ್ಪು. ಏಕೆ ಎಂದು ಒಂದೊಂದಾಗಿ ನೋಡೋಣ. ಇಡೀ ಲೇಖನದ ಸಾರ ಮೊದಲೇ ಬೇಕೆನ್ನುವವರಿಗೆ: ಕಟ್ಟಡದ ಪರವಾನಗಿ ಕಟ್ಟಡಕ್ಕೆ ಸಂಬಂಧಿಸಿದ್ದು. ಆ ಜಾಗದಲ್ಲಿ ಮೊದಲೇ ವಾಸವಾಗಿರುವ ಜೀವಿಗಳ ಮೇಲೆ ಅದು ಯಾವ ಅಧಿಕಾರವನ್ನೂ ಕೊಡುವುದಿಲ್ಲ. ಹಾಗೆಂದು ನಿಮ್ಮ ಮನೆ ನಿಂತುಹೋಗುವುದೂ ಇಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಬೇಕಾಗುವುದು ನಾಲ್ಕೈದು ವಾರಗಳ ತಾಳ್ಮೆ ಮತ್ತು ಕೆಲಸಕ್ಕೆ ಮುಂಚೆ ಒಂದು ಸುತ್ತು ನೋಡುವ ಅಭ್ಯಾಸ.

ಪರ್ಮಿಷನ್ ಎಂದರೆ ನಿಜಕ್ಕೂ ಯಾವುದಕ್ಕೆ ಪರ್ಮಿಷನ್?

ನಾವು ‘ಪರ್ಮಿಷನ್’ ಎಂದು ಒಂದೇ ಮಾತಿನಲ್ಲಿ ಹೇಳುವುದು ಬೇರೆ ಬೇರೆ ಕಾಗದಗಳನ್ನು. ಹೊಲವನ್ನು ವಸತಿಗೆ ಬಳಸಲು ಬೇಕಾದ ಭೂ ಪರಿವರ್ತನೆ, ಅಂದರೆ ಜನರ ಬಾಯಲ್ಲಿ ಎನ್‌ಎ, ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಕಲಮಿನ ಪ್ರಕಾರ ಆಗುತ್ತದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಡ ಕಟ್ಟಲು ಪಂಚಾಯಿತಿಯ ಅನುಮತಿ ಬೇಕು. ಇದು 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಕಲಮಿನಲ್ಲಿದೆ. ನಗರಸಭೆಯ ವ್ಯಾಪ್ತಿಯಲ್ಲಿದ್ದರೆ ನಗರಸಭೆಯ ಲೈಸೆನ್ಸ್.

ಈ ಕಾಗದಗಳು ಹೇಳುವುದೇನು? ಈ ಜಾಗದಲ್ಲಿ ಮನೆ ಕಟ್ಟಬಹುದು, ರಸ್ತೆಯಿಂದ ಇಷ್ಟು ಜಾಗ ಬಿಡಬೇಕು, ಇಷ್ಟು ಎತ್ತರ ಏರಿಸಬಹುದು, ಹೊಲಸು ನೀರು ಹೀಗೆ ಹೋಗಬೇಕು, ಇಂಥವು. ಹುಣಸೆ ಮರ ಕಡಿಯಬಹುದು, ಹಾವು ಹೊಡೆಯಬಹುದು, ಗೂಡು ಕಿತ್ತೆಸೆಯಬಹುದು ಎಂದು ಅವುಗಳಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಅದು ಬೇರೆ ಕಾನೂನಿನ ವಿಷಯ. ಡ್ರೈವಿಂಗ್ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ರಸ್ತೆಯಲ್ಲಿ ಅಡ್ಡ ಬಂದವರ ಮೇಲೆ ಗಾಡಿ ಹಾಯಿಸಲು ಬರುವುದಿಲ್ಲವಲ್ಲ, ಹಾಗೆಯೇ ಇದು.

ಇನ್ನೊಂದು ಗೊಂದಲವೂ ಇದೆ. ‘ಪರಿಸರ ಅನುಮತಿ ದೊಡ್ಡ ಬಿಲ್ಡರ್‌ಗಳಿಗೆ ಮಾತ್ರ, ಆದ್ದರಿಂದ ನಮಗೆ ಯಾವ ನಿಯಮವೂ ಇಲ್ಲ’ ಎನ್ನುವವರಿದ್ದಾರೆ. ಇದು ಅರ್ಧ ಸತ್ಯ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಹೆಚ್ಚಿದ್ದರೆ ಮಾತ್ರ ಮುಂಚಿತ ಪರಿಸರ ಅನುಮತಿ ಬೇಕು. ನಿಮ್ಮ 30-40 ಪ್ಲಾಟಿನ ಮನೆಗೆ ಅದು ಬೇಡ ಎಂಬುದು ನಿಜ. ಆದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಚದರ ಮೀಟರಿನ ಲೆಕ್ಕವಿಲ್ಲ. ಅಪಾರ್ಟ್‌ಮೆಂಟಿಗೂ ಅದೇ, ದನದ ಕೊಟ್ಟಿಗೆಗೂ ಅದೇ.

ಕಾನೂನು ಕಾಡಿಗೆ ಮಾತ್ರವೇ?

ಯಾದಗಿರಿ ಜಿಲ್ಲೆಯಲ್ಲಿ ಕಾಡುಪ್ರಾಣಿ ಎಂದರೆ ಜನರಿಗೆ ನೆನಪಾಗುವುದು ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮ. ಅಲ್ಲಿನ ಹಕ್ಕಿಗೆ ರಕ್ಷಣೆ ಇದೆ, ನಮ್ಮ ಓಣಿಯ ಹಕ್ಕಿಗೆ ಇಲ್ಲ ಎಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೋಡುವುದು ಪ್ರಾಣಿ ಯಾವುದು ಎಂದು. ಅದು ಎಲ್ಲಿದೆ ಎಂಬುದು ಆಮೇಲಿನ ಮಾತು. ಕಾಯ್ದೆಯ ಪಟ್ಟಿಯಲ್ಲಿರುವ ಜೀವಿ ಅಭಯಾರಣ್ಯದಲ್ಲಿದ್ದರೂ, ನಿಮ್ಮ ಹಿತ್ತಲಿನಲ್ಲಿದ್ದರೂ, ಇಟ್ಟಂಗಿ ಗುಡ್ಡೆಯ ಸಂದಿನಲ್ಲಿದ್ದರೂ ರಕ್ಷಣೆ ಉಂಟು.

ಇನ್ನೂ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಕಾನೂನಿನಲ್ಲಿ ‘ಬೇಟೆ’ ಎಂಬ ಪದದ ಅರ್ಥ ನಾವು ತಿಳಿದಷ್ಟು ಚಿಕ್ಕದಲ್ಲ. ಬಂದೂಕಿನಿಂದ ಹೊಡೆಯುವುದು ಮಾತ್ರ ಬೇಟೆಯಲ್ಲ. ಕೊಲ್ಲುವುದು, ವಿಷ ಹಾಕುವುದು, ಹಿಡಿಯುವುದು, ಬಲೆ ಒಡ್ಡುವುದು, ಗಾಯ ಮಾಡುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಕಾಡುಹಕ್ಕಿ ಮತ್ತು ಸರೀಸೃಪಗಳ ವಿಷಯದಲ್ಲಿ ಮೊಟ್ಟೆ ಒಡೆಯುವುದು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದು ಕೂಡ ‘ಬೇಟೆ’ಯೇ. ಅಂದರೆ ಮೊಟ್ಟೆಯಿದ್ದ ಗೂಡಿನ ಮೇಲೆ ಜೆಸಿಬಿ ಹರಿಸುವುದು ಕಾನೂನಿನ ಕಣ್ಣಿನಲ್ಲಿ ಬೇಟೆಯ ಸಾಲಿಗೇ ಬರುತ್ತದೆ.

ಶಿಕ್ಷೆ ಎಷ್ಟು? ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲ ಅನುಸೂಚಿಯ ಜೀವಿಗಳಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಮೊದಲ ಅನುಸೂಚಿ ಎಂದರೆ ಹುಲಿ, ಆನೆ ಮಾತ್ರ ಎಂದುಕೊಳ್ಳಬೇಡಿ. ನಾಗರಹಾವೂ ಅದರಲ್ಲಿದೆ.

ಕಾನೂನು ಮನುಷ್ಯನನ್ನು ಮರೆತಿದೆಯೇ? ಇಲ್ಲ. ನಿಮ್ಮ ಅಥವಾ ಇನ್ನೊಬ್ಬರ ಜೀವ ಉಳಿಸಿಕೊಳ್ಳಲು, ಸದುದ್ದೇಶದಿಂದ, ಬೇರೆ ದಾರಿಯಿಲ್ಲದೆ ಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅದು ಅಪರಾಧವಲ್ಲ ಎಂದು ಅದೇ ಕಾಯ್ದೆಯ 11ನೇ ಕಲಮು ಹೇಳುತ್ತದೆ. ಆದರೆ ಪೊಟರೆಯಲ್ಲಿ ಸುಮ್ಮನೆ ಮಲಗಿದ್ದ ಹಾವನ್ನು ಎಳೆದು ಹೊಡೆಯುವುದು ಆತ್ಮರಕ್ಷಣೆ ಆಗುವುದಿಲ್ಲ.

ಪರ್ಮಿಷನ್ ಇದ್ದೂ ಕೇಸ್ ಬಿದ್ದದ್ದು

‘ಇಷ್ಟಕ್ಕೆಲ್ಲ ಯಾರು ಕೇಸ್ ಹಾಕುತ್ತಾರೆ?’ ಎನ್ನುವವರು 2022ರ ಸೆಪ್ಟೆಂಬರ್ ಆರಂಭದಲ್ಲಿ ಎಲ್ಲರ ಫೋನಿನಲ್ಲಿ ಹರಿದಾಡಿದ ಒಂದು ವಿಡಿಯೊ ನೆನಪು ಮಾಡಿಕೊಳ್ಳಬೇಕು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ರಾಷ್ಟ್ರೀಯ ಹೆದ್ದಾರಿ ಅಗಲ ಮಾಡಲು ರಸ್ತೆ ಪಕ್ಕದ ದೊಡ್ಡ ಮರವೊಂದನ್ನು ಯಂತ್ರದಿಂದ ಉರುಳಿಸಿದರು. ಅದರ ತುಂಬ ನೀರುಹಕ್ಕಿಗಳ ಗೂಡು. ಮರ ವಾಲುತ್ತಿದ್ದಂತೆ ದೊಡ್ಡ ಹಕ್ಕಿಗಳು ಮೇಲೆ ಹಾರಿದವು. ರೆಕ್ಕೆ ಬಲಿಯದ ಮರಿಗಳು ಮರದ ಜೊತೆಗೇ ರಸ್ತೆಗೆ ಅಪ್ಪಳಿಸಿ ಸತ್ತವು.

ರಸ್ತೆ ಕೆಲಸಕ್ಕೆ ಸರ್ಕಾರದ ಒಪ್ಪಿಗೆ ಇತ್ತು. ಮರ ಕಡಿಯಲು ಅನುಮತಿಯೂ ಇತ್ತು. ಆದರೆ ಗೂಡುಗಳಿರುವ ಮರವನ್ನು ಹಕ್ಕಿಗಳು ಮರಿಗಳೊಂದಿಗೆ ಹಾರಿಹೋದ ಮೇಲೆಯೇ ಕಡಿಯಬೇಕೆಂದು ಸೂಚನೆ ಇತ್ತು ಎಂದು ಅರಣ್ಯ ಇಲಾಖೆ ಹೇಳಿತು. ವನ್ಯಜೀವಿ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಯಂತ್ರವನ್ನು ವಶಕ್ಕೆ ಪಡೆದರು, ಚಾಲಕನೂ ಸಿಕ್ಕಿಬಿದ್ದ.

ಇಲ್ಲಿ ಗಮನಿಸಬೇಕಾದ್ದು ಎರಡು. ಮೊದಲನೆಯದು, ಮರ ಉಳಿಸಿಕೊಳ್ಳಿ ಎಂದು ಯಾರೂ ಕೇಳಿರಲಿಲ್ಲ, ಕೆಲವು ವಾರ ತಡೆಯಿರಿ ಎಂದಿದ್ದರು ಅಷ್ಟೆ. ಎರಡನೆಯದು, ಮೊದಲು ಸಿಕ್ಕಿಬಿದ್ದವನು ಯಂತ್ರ ನಡೆಸುವವ. ನಿಮ್ಮ ಮಾತು ಕೇಳಿ ಕೆಲಸ ಮಾಡುವ ಜೆಸಿಬಿ ಡ್ರೈವರ್, ಗೌಂಡಿ, ಕೂಲಿಯವರನ್ನು ಕೇಸಿನಲ್ಲಿ ಸಿಲುಕಿಸಬಾರದು ಎಂಬುದೂ ಮನೆ ಕಟ್ಟುವವರ ಜವಾಬ್ದಾರಿ.

ನಮ್ಮಲ್ಲೇ ಇರುವ ಒಳ್ಳೆಯ ಉದಾಹರಣೆ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಅಲ್ಲಿ ಗೂಡು ಕಟ್ಟುವುದು ಊರ ನಡುವಿನ ಮರಗಳಲ್ಲಿ, ಮನೆಗಳಿಗೆ ತಾಗಿದ ಹುಣಸೆ ಮರಗಳಲ್ಲಿ. ಜನ ಅದೇ ಊರಿನಲ್ಲಿ ಮನೆ ಕಟ್ಟಿದ್ದಾರೆ, ಮದುವೆ ಮಾಡಿದ್ದಾರೆ, ಮಕ್ಕಳನ್ನು ಸಾಕಿದ್ದಾರೆ. ಹಕ್ಕಿಗಳೂ ಇವೆ. ಮರಗಳಿಗೆ ಮಾಲೀಕರಿದ್ದಾರೆ. ಹುಣಸೆ ಹಣ್ಣಿನ ಆದಾಯ ಬಿಟ್ಟು ಮರ ಉಳಿಸುವವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆ ಬಂತು. ಮರದ ಕೆಳಗೆ ಬೀಳುವ ಹಿಕ್ಕೆಯನ್ನು ರೈತರು ಗೊಬ್ಬರವಾಗಿ ಬಳಸಿದರು. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಊರೂ ಹಕ್ಕಿಯೂ ಒಟ್ಟಿಗೆ ಇರಲು ಬರುವುದಿಲ್ಲ ಎನ್ನುವವರಿಗೆ ಈ ಊರೇ ಉತ್ತರ.

ಬೇರೆ ದೇಶಗಳಲ್ಲೂ ತತ್ವ ಇದೇ. ಇಂಗ್ಲೆಂಡಿನಲ್ಲಿ 1981ರ ಕಾಯ್ದೆಯ ಪ್ರಕಾರ ಹಕ್ಕಿ ಬಳಸುತ್ತಿರುವ ಗೂಡನ್ನು ಉದ್ದೇಶಪೂರ್ವಕ ಕೆಡಿಸುವುದು ಅಪರಾಧ. ಕಟ್ಟಡಕ್ಕೆ ಯೋಜನಾ ಅನುಮತಿ ಇದ್ದರೂ ಅಷ್ಟೆ. ಸೂರಿನಲ್ಲಿ ಬಾವಲಿ ಇದ್ದರೆ ಕೆಲಸಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕಾಗಬಹುದು.

ಹಾಗಾದರೆ ಎಷ್ಟು ದಿನ ಕಾಯಬೇಕು?

ಇದು ನಿಜವಾದ ಪ್ರಶ್ನೆ. ಮುಹೂರ್ತ ಇಟ್ಟಾಗಿದೆ, ಬ್ಯಾಂಕಿನ ಸಾಲ ಓಡುತ್ತಿದೆ, ಗೌಂಡಿ ಸಿಕ್ಕಾಗ ಹಿಡಿದುಕೊಳ್ಳಬೇಕು. ಆದ್ದರಿಂದ ಲೆಕ್ಕ ಗೊತ್ತಿರುವುದು ಒಳ್ಳೆಯದು.

ಮೊದಲಿಗೆ ನಮ್ಮ ಪ್ಲಾಟಿನ ಹಕ್ಕಿ. ಅದು ಟಿಟ್ಟಿಭ. ಕೊಕ್ಕಿನ ಬುಡದಲ್ಲಿ ಕೆಂಪು ತೊಗಲು, ಕಪ್ಪು ಕತ್ತು, ಹಳದಿ ಕಾಲು. ಇದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬಯಲು ನೆಲದಲ್ಲಿ, ಸಣ್ಣ ಕಲ್ಲುಗಳ ನಡುವೆ, ಸಾಮಾನ್ಯವಾಗಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಮೊಟ್ಟೆ ಇಡುತ್ತದೆ. ಸಮತಟ್ಟು ಮಾಡಿ ಗರಸು ಹಾಕಿದ ಖಾಲಿ ಪ್ಲಾಟು ಅದಕ್ಕೆ ಹೇಳಿಮಾಡಿಸಿದ ಜಾಗ. ಕಾವು ಕೊಡುವುದು ಸುಮಾರು 4 ವಾರ. ಮರಿಗಳು ಹೊರಬಂದ ಒಂದೆರಡು ದಿನದೊಳಗೆ ತಂದೆತಾಯಿಯ ಹಿಂದೆ ನಡೆದು ಹೋಗುತ್ತವೆ. ಅಂದರೆ ನೀವು ಕಾಯಬೇಕಾದ್ದು ಹೆಚ್ಚೆಂದರೆ ಒಂದು ತಿಂಗಳು. ಮೊಟ್ಟೆ ಇಟ್ಟು ಈಗಾಗಲೇ ಕೆಲವು ದಿನವಾಗಿದ್ದರೆ ಇನ್ನೂ ಕಡಿಮೆ. ಆ ಸಮಯದಲ್ಲಿ ಕಬ್ಬಿಣ, ಸಿಮೆಂಟಿನ ದರ ವಿಚಾರಿಸಬಹುದು, ತಾತ್ಕಾಲಿಕ ಕರೆಂಟಿಗೆ ಅರ್ಜಿ ಹಾಕಬಹುದು, ಬಾಗಿಲು ಕಿಟಕಿ ಮಾಡಿಸಲು ಕೊಡಬಹುದು.

ಮೊಟ್ಟೆಯನ್ನು ಪಕ್ಕದ ಪ್ಲಾಟಿಗೆ ಎತ್ತಿಡುವ ಉಪಾಯ ಏಕೆ ನಡೆಯುವುದಿಲ್ಲ? ಹಕ್ಕಿ ಮರಳಿ ಬರುವುದು ತಾನು ಮೊಟ್ಟೆ ಇಟ್ಟ ಜಾಗಕ್ಕೆ. ದೂರಕ್ಕೆ ಸಾಗಿಸಿದ ಮೊಟ್ಟೆಯನ್ನು ಅದು ಹುಡುಕಿಕೊಂಡು ಹೋಗುತ್ತದೆಂದು ನಂಬುವಂತಿಲ್ಲ. ಬಿಸಿಲಿಗೆ ಮೊಟ್ಟೆ ಬೇಯುತ್ತದೆ, ನಾಯಿ ಕಾಗೆಗಳ ಪಾಲಾಗುತ್ತದೆ. ಪಂಚತಂತ್ರದಲ್ಲಿ ಇದೇ ಟಿಟ್ಟಿಭದ ಕಥೆ ಬರುತ್ತದೆ. ಮೊಟ್ಟೆ ಕದ್ದ ಸಮುದ್ರದ ವಿರುದ್ಧ ಪುಟ್ಟ ಹಕ್ಕಿ ಗರುಡನವರೆಗೆ ದೂರು ಒಯ್ದು ಮೊಟ್ಟೆ ವಾಪಸ್ ಪಡೆಯುತ್ತದೆ. ಪ್ಲಾಟಿನ ಟಿಟ್ಟಿಭಕ್ಕೆ ಅಂಥ ಅನುಕೂಲ ಇಲ್ಲ.

ಗುಬ್ಬಚ್ಚಿಗೆ ಕಾವು ಸುಮಾರು 2 ವಾರ, ಮರಿ ಹಾರಲು ಇನ್ನೆರಡು ವಾರ. ಬೆಳವಕ್ಕಿಗೂ ಹೆಚ್ಚುಕಡಿಮೆ ಇಷ್ಟೇ. ಗೊರವಂಕಕ್ಕೆ ಇದಕ್ಕಿಂತ ಹೆಚ್ಚು. ಮರಿಗಳು ಹಾರಿಹೋಗಿ ಗೂಡು ಖಾಲಿಯಾಗಿದೆ ಎಂದು ಖಚಿತವಾದ ಮೇಲೆ ಕೆಲಸ ಮುಂದುವರಿಸಿ, ಇನ್ನೊಂದು ಜೋಡಿ ಬಂದು ಗೂಡು ಹೂಡುವ ಮೊದಲೇ.

ಫಾರ್ವರ್ಡ್ 1: ‘ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ’

ತಪ್ಪು. ಮನುಷ್ಯನ ವಾಸನೆ ಹಿಡಿದು ಮರಿಯನ್ನು ತ್ಯಜಿಸುವ ಅಭ್ಯಾಸ ಹಕ್ಕಿಗಳಿಗಿಲ್ಲ. ಕೆಲಸದ ವೇಳೆ ಪುಕ್ಕವಿಲ್ಲದ ಮರಿ ಗೂಡಿನಿಂದ ಬಿದ್ದರೆ, ಗಾಯವಿಲ್ಲದಿದ್ದರೆ, ಮೆಲ್ಲಗೆ ಎತ್ತಿ ಅದೇ ಗೂಡಿನಲ್ಲಿಟ್ಟು ದೂರ ಸರಿಯಿರಿ. ನೀವು ಹತ್ತಿರವೇ ನಿಂತಿದ್ದರೆ ತಾಯಿ ಬರುವುದಿಲ್ಲ. ಮನೆಗೆ ಒಯ್ದು ಹಾಲು, ಬ್ರೆಡ್ ತಿನ್ನಿಸಬೇಡಿ. ಹಕ್ಕಿಗಳಿಗೆ ಹಾಲು ಜೀರ್ಣವಾಗುವುದಿಲ್ಲ.

ಫಾರ್ವರ್ಡ್ 2: ‘ಮೊಬೈಲ್ ಟವರಿನಿಂದ ಗುಬ್ಬಿ ಸತ್ತವು’

ಇದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ದೇಶದ ಹಕ್ಕಿ ವೀಕ್ಷಕರ ಮಾಹಿತಿಯಿಂದ 2020ರಲ್ಲಿ ಬಂದ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿ ಹೇಳಿದ್ದು ಬೇರೆಯೇ. ಒಟ್ಟು ದೇಶದಲ್ಲಿ ಗುಬ್ಬಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ದೊಡ್ಡ ಮಹಾನಗರಗಳಲ್ಲಿ ಕುಸಿದಿದೆ. ನಮ್ಮ ವಿಷಯಕ್ಕೆ ಹತ್ತಿರದ ಕಾರಣವೊಂದಿದೆ, ಅದು ಮನೆಯ ವಿನ್ಯಾಸ. ಮಣ್ಣಿನ ಗೋಡೆಯ ಬಿರುಕು, ಮಾಳಿಗೆಯ ಜಂತಿ ಸಂದು, ಗೋಡೆಯ ಗೂಡು, ಇವೆಲ್ಲ ಗುಬ್ಬಿಯ ಮನೆಗಳಾಗಿದ್ದವು. ಆರ್‌ಸಿಸಿ ಮನೆಯಲ್ಲಿ ಸಂದೇ ಇಲ್ಲ. ಹೊಸ ಮನೆಯ ಸಜ್ಜಾದ ಕೆಳಗೆ, ನೆರಳಿರುವ ಕಡೆ, ಬೆಕ್ಕಿಗೆ ಎಟುಕದಂತೆ ಒಂದು ಮರದ ಪೆಟ್ಟಿಗೆ ತೂಗುಹಾಕಿ. ಗುಬ್ಬಿ ಒಳಹೋಗುವಷ್ಟೇ ತೂತು ಇರಲಿ. ಟವರಿನ ವಿರುದ್ಧ ಫಾರ್ವರ್ಡ್ ಕಳಿಸುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಫಾರ್ವರ್ಡ್ 3: ‘ಸೈಟ್ ಸುತ್ತ ಕಾರ್ಬಾಲಿಕ್ ಆಸಿಡ್ ಹಾಕಿ, ಹಾವು ಬರುವುದಿಲ್ಲ’

ಕಾರ್ಬಾಲಿಕ್ ಆಸಿಡ್, ಬೆಳ್ಳುಳ್ಳಿ, ಗಂಧಕ, ಯಾವುದೂ ಹಾವನ್ನು ನಂಬಿಕೆಯಿಂದ ದೂರವಿಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕಾರ್ಬಾಲಿಕ್ ಆಸಿಡ್ ಮನುಷ್ಯರ ಚರ್ಮ ಸುಡುತ್ತದೆ. ಬರಿಗಾಲಿನಲ್ಲಿ ಓಡಾಡುವ ಕೂಲಿಯವರ ಮಕ್ಕಳಿಗೆ ಅದು ಹಾವಿಗಿಂತ ದೊಡ್ಡ ಅಪಾಯ.

ಹಾವಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ಕಟ್ಟಡದ ಜಾಗ ಹಾವಿಗೆ ಏಕೆ ಇಷ್ಟ? ಕಲ್ಲು, ಪರಸಿ, ಇಟ್ಟಂಗಿ, ಸೆಂಟ್ರಿಂಗ್ ಹಲಗೆಗಳ ಗುಡ್ಡೆಯ ಕೆಳಗೆ ತಂಪು ಇರುತ್ತದೆ, ಇಲಿಯೂ ಇರುತ್ತದೆ. ನಾಗರಹಾವು ಇಲಿಯ ಹಿಂದೆ ಬರುತ್ತದೆ. ಗರಗಸಮಂಡಲ ಒಣ ನೆಲದ ಕಲ್ಲಿನ ಕೆಳಗೆ ಅಡಗುತ್ತದೆ. ಕಟ್ಟುಹಾವು ರಾತ್ರಿ ಹರಿದಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ಸಲ ನೋವೇ ಆಗುವುದಿಲ್ಲ. ಸೈಟಿನ ಶೆಡ್ಡಿನಲ್ಲಿ ಮಲಗುವ ವಾಚ್‌ಮನ್ ಕುಟುಂಬಕ್ಕೆ ಮಂಚ, ಸೊಳ್ಳೆಪರದೆ, ಬ್ಯಾಟರಿ ಕೊಡಿಸುವುದು ಆಸಿಡ್‌ಗಿಂತ ಸಾವಿರ ಪಾಲು ಮೇಲು.

ಹಾವು ಕೊಂದರೆ ಜೋಡಿ ಹಾವು ಬಂದು ಸೇಡು ತೀರಿಸುತ್ತದೆ ಎಂಬುದೂ ಸುಳ್ಳು. ಹಾವಿಗೆ ಮುಖ ನೆನಪಿಟ್ಟು ದ್ವೇಷ ಸಾಧಿಸುವ ಬುದ್ಧಿಶಕ್ತಿ ಇಲ್ಲ. ಕೊಲ್ಲಬಾರದು ಎನ್ನಲು ಸೇಡಿನ ಭಯ ಬೇಕಿಲ್ಲ. ಹೊಡೆಯಲು ಅಥವಾ ಹಿಡಿಯಲು ಹೋದವರನ್ನೇ ಹಾವು ಕಚ್ಚುವುದು ಸಾಮಾನ್ಯ. ಹಾವು ಕಂಡರೆ ಕೆಲಸ ನಿಲ್ಲಿಸಿ, ಎಲ್ಲರೂ ದೂರ ಸರಿಯಿರಿ, ಒಬ್ಬರು ದೂರದಿಂದ ಕಣ್ಣಿಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ, ನೇರ ಆಸ್ಪತ್ರೆಗೆ.

ಫಾರ್ವರ್ಡ್ 4: ‘ಬಾವಲಿ ರೋಗ ತರುತ್ತದೆ, ಗೂಬೆ ಮನೆ ಹಾಳು ಮಾಡುತ್ತದೆ’

ಹಳೇ ವಾಡೆ ಕೆಡವುವಾಗ, ದೊಡ್ಡ ಆಲದ ಮರ ತೆಗೆಯುವಾಗ ಈ ಎರಡು ಮಾತು ಬಂದೇ ಬರುತ್ತವೆ. ಕೇರಳದಲ್ಲಿ 2018ರಿಂದ ಕಾಣಿಸಿಕೊಂಡ ನಿಫಾ ವೈರಸ್ಸಿಗೆ ಹಣ್ಣುತಿನ್ನುವ ಬಾವಲಿಗಳು ಮೂಲ ಎಂಬುದು ನಿಜ. ಆದರೆ ಮರ ಕಡಿದು ಬಾವಲಿಗಳನ್ನು ಓಡಿಸಿದರೆ ವೈರಸ್ ಹೋಗುವುದಿಲ್ಲ. ಗುಂಪು ಚೆದುರಿ ಇನ್ನೊಂದು ಓಣಿಗೆ ಹೋಗುತ್ತದೆ ಅಷ್ಟೆ. ಪ್ರಾಣಿ ಕಚ್ಚಿದ ಹಣ್ಣು ತಿನ್ನದಿರುವುದು, ಬಾವಲಿಯನ್ನು ಬರಿಗೈಯಿಂದ ಮುಟ್ಟದಿರುವುದು ನಿಜವಾದ ಎಚ್ಚರಿಕೆ. ಹಣ್ಣುಬಾವಲಿಯನ್ನು ಹಿಂದೆ ಕಾಯ್ದೆಯಲ್ಲಿ ‘ಉಪದ್ರವಿ’ ಪಟ್ಟಿಯಲ್ಲಿ ಇಟ್ಟಿದ್ದರು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿದೆ.

ಕಟ್ಟಡದ ಪರಿಣಾಮ ಸೈಟಿನಲ್ಲೇ ಮುಗಿಯುವುದಿಲ್ಲ ಎಂಬುದಕ್ಕೂ ಬಾವಲಿಯೇ ಸಾಕ್ಷಿ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಒಂದು ಜಾತಿಯ ಪುಟ್ಟ ಬಾವಲಿ ಇದೆ. ಕೋಲಾರದ ಹೆಸರೇ ಅದಕ್ಕಿದೆ. ಜಗತ್ತಿನಲ್ಲಿ ಬೇರೆಲ್ಲೂ ಈಗ ಅದು ಕಂಡುಬರುತ್ತಿಲ್ಲ. ಅದರ ನೆಲೆಗೆ ಕುತ್ತು ತಂದದ್ದು ಗ್ರಾನೈಟ್ ಗಣಿಗಾರಿಕೆ. ನಮ್ಮ ಅಡುಗೆಮನೆಯ ಕಟ್ಟೆಗೆ ಹಾಕುವ ಕಲ್ಲು ಯಾವುದೋ ಬೆಟ್ಟದಿಂದಲೇ ಬರುತ್ತದೆ ಎಂಬುದು ನೆನಪಿರಲಿ.

ಗೂಬೆಯ ವಿಷಯ ಇನ್ನೂ ಸರಳ. ಗೂಬೆ ಇಲಿ ತಿನ್ನುತ್ತದೆ, ಮನೆ ಹಾಳು ಮಾಡುವುದು ಇಲಿ. ಬುಡಬುಡಿಕೆಯವರು ಶುಭ ನುಡಿಯಿತು ಎನ್ನುವ ಹಾಲಕ್ಕಿಯೂ ಒಂದು ಚಿಕ್ಕ ಗೂಬೆಯೇ! ಒಂದಕ್ಕೆ ಕೈಮುಗಿದು ಇನ್ನೊಂದಕ್ಕೆ ಕಲ್ಲು ಹೊಡೆಯುವುದು ಯಾವ ನ್ಯಾಯ?

ಮರ ಕಡಿಯುವುದಿದ್ದರೆ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯುವ ಮೊದಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆ. ನಿಮ್ಮ ಊರಿಗೆ, ನಿಮ್ಮ ಮರಕ್ಕೆ ಯಾವ ನಿಯಮ ಎಂದು ಹತ್ತಿರದ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ. ವಿನಾಯಿತಿ ಇರುವ ಮರವಾದರೂ ಅದರಲ್ಲಿ ಮೊಟ್ಟೆ, ಮರಿ ಇದ್ದರೆ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ. ನಕ್ಷೆ ಮಾಡಿಸುವ ಹಂತದಲ್ಲೇ ಎಂಜಿನಿಯರ್‌ಗೆ ಹೇಳಿದರೆ ಎಷ್ಟೋ ಸಲ ಮೂಲೆಯ ಬೇವಿನ ಮರ ಉಳಿಯುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಆ ನೆರಳಿನ ಬೆಲೆ ಹೇಳಬೇಕಿಲ್ಲ.

ಕೆಲಸ ಶುರು ಮಾಡುವ ಮುಂಚೆ ಮತ್ತು ನಡೆಯುವಾಗ

ಭೂಮಿಪೂಜೆಗೆ ಒಂದು ತಿಂಗಳ ಮುಂಚೆ ಒಮ್ಮೆ, ಜೆಸಿಬಿ ಬರುವ ಹಿಂದಿನ ದಿನ ಇನ್ನೊಮ್ಮೆ, ಬೆಳಿಗ್ಗೆ ಅಥವಾ ಸಂಜೆ ಪ್ಲಾಟನ್ನು ನಿಧಾನವಾಗಿ ಸುತ್ತಿ ನೋಡಿ. ನೆಲ, ಪೊದೆ, ಮರ, ಹಳೇ ಗೋಡೆಯ ತೂತು, ಕಲ್ಲಿನ ಗುಡ್ಡೆ, ಪಾಳು ಬಾವಿ, ಯಾವುದನ್ನೂ ಬಿಡಬೇಡಿ.

ಜಾಲಿ ಪೊದೆಗೆ ಬೆಂಕಿ ಹಚ್ಚಿ ಜಾಗ ಸ್ವಚ್ಛ ಮಾಡಬೇಡಿ. ಕೈಯಿಂದ ಸವರಿಸಿ. ಜೆಸಿಬಿಯನ್ನು ಒಂದು ಬದಿಯಿಂದ ಶುರು ಮಾಡಿ ಖಾಲಿ ಬಯಲಿನ ಕಡೆಗೆ ನಡೆಸಿ. ಸುತ್ತಲಿಂದ ನಡುವಿಗೆ ಬಂದರೆ ಪ್ರಾಣಿಗಳಿಗೆ ಓಡಲು ದಾರಿ ಇರುವುದಿಲ್ಲ, ಹೆದರಿದ ಹಾವು ಕೆಲಸಗಾರರ ಕಾಲಡಿಗೇ ಬರುತ್ತದೆ.

ಪಾಯದ ಗುಂಡಿಯಲ್ಲಿ ರಾತ್ರಿ ಒಂದು ಹಲಗೆ ಇಳಿಜಾರಾಗಿ ಬಿಡಿ. ಬಿದ್ದ ಕಪ್ಪೆ, ನಾಯಿಮರಿ, ಉಡ ಹತ್ತಿ ಹೊರಬರುತ್ತವೆ. ಬೆಳಿಗ್ಗೆ ಯಾರೂ ಇಳಿಯುವ ಮೊದಲು ಗುಂಡಿಯೊಳಗೆ ನೋಡಿ. ಸಂಪ್, ಶೌಚಾಲಯದ ಗುಂಡಿ, ಬೋರ್‌ವೆಲ್ ಬಾಯಿ ಮುಚ್ಚಿಡಿ. ಇದು ಪ್ರಾಣಿಗಿಂತ ಮೊದಲು ಮಕ್ಕಳಿಗಾಗಿ.

ಇಟ್ಟಂಗಿ, ಹಲಗೆಗಳನ್ನು ಮಲಗುವ ಶೆಡ್ಡಿನಿಂದ ದೂರ ಜೋಡಿಸಿ. ಗುಡ್ಡೆಯೊಳಗೆ ಕೈ ಹಾಕುವ ಮೊದಲು ಕೋಲಿನಿಂದ ಸರಿಸಲು ಹೇಳಿ. ಕೆಲಸದವರಿಗೆ ಬೂಟು, ಕೈಗವಸು ಕೊಡಿಸಿ.

ಹೆಜ್ಜೇನು ಕಟ್ಟಿದ್ದರೆ ಬೆಂಕಿ ಹಚ್ಚಲು ಹೋಗಬೇಡಿ. ಕೆರಳಿದ ಹೆಜ್ಜೇನು ಪ್ರಾಣ ತೆಗೆಯಬಲ್ಲದು. ಅವು ಋತು ಬದಲಾದಂತೆ ತಾವಾಗಿ ಜಾಗ ಬಿಡುತ್ತವೆ. ಕಾಯಲು ಆಗದಿದ್ದರೆ ಪಳಗಿದವರನ್ನು ಕರೆಯಿಸಿ.

ಮುಂದೆ ಕಳಿಸಲು

ಇಷ್ಟೆಲ್ಲ ಓದಲು ಸಮಯವಿಲ್ಲದವರಿಗೆ ಕೆಳಗಿನ ನಾಲ್ಕು ಸಾಲು ಕಳಿಸಿ. ಮನೆ ಕಟ್ಟುತ್ತಿರುವ ಒಬ್ಬರಾದರೂ ನಿಮ್ಮ ಗ್ರೂಪಿನಲ್ಲಿ ಇದ್ದೇ ಇರುತ್ತಾರೆ.

‘ಮನೆ ಕಟ್ಟುವ ಲೈಸೆನ್ಸ್ ಗೂಡು ಕೆಡಿಸುವ ಲೈಸೆನ್ಸ್ ಅಲ್ಲ. ಊರಿನಲ್ಲಿರುವ ಹಕ್ಕಿ, ಹಾವಿಗೂ 1972ರ ಕಾಯ್ದೆಯ ರಕ್ಷಣೆ ಇದೆ. ಜೆಸಿಬಿ ಕರೆಯುವ ಮೊದಲು ಪ್ಲಾಟ್ ಒಂದು ಸುತ್ತು ನೋಡಿ. ಮೊಟ್ಟೆ ಇದ್ದರೆ ಒಂದು ತಿಂಗಳು ತಡೆಯಿರಿ. ಹಾವು ಕಂಡರೆ ಹೊಡೆಯಬೇಡಿ, 1926ಕ್ಕೆ ಕರೆ ಮಾಡಿ, ಕಚ್ಚಿದರೆ 108.’

ಇನ್ನು ನಮ್ಮ ಪ್ಲಾಟಿನ ಟಿಟ್ಟಿಭದ ಕಥೆ? ಶುಕ್ರವಾರದ ಜೆಸಿಬಿಯನ್ನು ಮುಂದಿನ ತಿಂಗಳಿಗೆ ಬರಲು ಹೇಳಿ. ನೀವು ಕಟ್ಟುತ್ತಿರುವುದು ಐವತ್ತು ವರ್ಷ ಬಾಳುವ ಮನೆ. ಅದಕ್ಕೆ ಬೇಕಾದ್ದು ನಾಲ್ಕು ವಾರ ಮಾತ್ರ.